ಹೆನ್ರಿಯ ತೊಡೆ, ನನ್ನ ಮಂಡೆಬೆಚ್ಚ

ಮೊನ್ನೆ ಕಾರಿನ ಇನ್ಶೂರೆನ್ಸ್ ಕಾಗದ ಹುಡುಕಲೆಂದು ಡ್ಯಾಶ್‌ಬೋರ್ಡಿನ ಗೂಡಿಗೆ ಕೈ ಹಾಕಿದರೆ ಒಂದು ಟೇಪಿನ ಸುರುಳಿ ಸಿಕ್ಕಿತು. ಎರಡು ಬೆರಳಗಲದ ಬಿಳಿ ಟೇಪು, ಫುಟ್‌ಬಾಲ್ ಆಡುವವರು ಕಾಲಿಗೆ ಸುತ್ತಿಕೊಳ್ಳುವಂಥದ್ದು. ಕುವೈತಿನ ಬೇಸಗೆಗೆ ಅಂಟೆಲ್ಲ ಕರಗಿ, ಸುತ್ತ ಮರಳು ಮೆತ್ತಿಕೊಂಡು, ಯಾವುದಕ್ಕೂ ಉಪಯೋಗಕ್ಕೆ ಬಾರದ ಸ್ಥಿತಿಯಲ್ಲಿತ್ತು. ಬಿಸಾಡೋಣವೆಂದು ಕಿಟಕಿ ಇಳಿಸಿದವನು ಮತ್ತೆ ಏರಿಸಿ ಅಲ್ಲೇ ಇಟ್ಟೆ.

ಇನ್ಶೂರೆನ್ಸ್ ಮುಗಿಯಲು ಇನ್ನೂ ನಾಲ್ಕು ತಿಂಗಳಿದೆ. ಹಾಗಿದ್ದರೆ ಈಗಲೇ ಯಾಕೆ ಹುಡುಕಿದ್ದು ಎಂದು ನೀವು ಕೇಳಬಹುದು. ನಾನು ಇರುವುದೇ ಹಾಗೆ. ಇಕಾಮಾ, ಅಂದರೆ ಈ ದೇಶದಲ್ಲಿ ನಮ್ಮನ್ನು ಇರಗೊಡುವ ಪರವಾನಗಿ, ಅದರ ಕೊನೆಯ ತಾರೀಕು ನನಗೆ ಮಗಳ ಹುಟ್ಟುಹಬ್ಬಕ್ಕಿಂತ ಚೆನ್ನಾಗಿ ನೆನಪಿದೆ. ಆದರೂ ತಿಂಗಳಿಗೊಮ್ಮೆ ತೆಗೆದು ನೋಡುತ್ತೇನೆ, ತಾರೀಕು ತಾನಾಗಿ ಹಿಂದೆ ಸರಿದಿದ್ದರೆ ಎಂಬ ಸಂಶಯ. ಬೇರೆ ಊರಿನವರು ತಲೆಬಿಸಿ ಎನ್ನುವುದನ್ನು ನಾವು ಮಂಗಳೂರಿನವರು ಮಂಡೆಬೆಚ್ಚ ಎನ್ನುತ್ತೇವೆ. ತಲೆಬಿಸಿ ಬಂದು ಹೋಗುವಂಥದ್ದು, ಮಂಡೆಬೆಚ್ಚ ಖಾಯಂ. "ನಿಮಗೆ ಸಂಬಳ ಕೊಡುವುದು ಕೆಲಸಕ್ಕಾ, ಮಂಡೆಬೆಚ್ಚ ಮಾಡ್ಲಿಕ್ಕಾ?" ಎಂದು ನನ್ನ ಹೆಂಡತಿ ಶಶಿ ಕೇಳುವುದುಂಟು. ಮಗಳಿಗೆ ನಮ್ಮ ತುಳುವೂ ಕನ್ನಡವೂ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ "ಪಪ್ಪಾ, ರಿಲ್ಯಾಕ್ಸ್" ಎಂಬ ಎರಡೇ ಪದ.

ಆದರೆ ಆ ಟೇಪಿನ ಮಂಡೆಬೆಚ್ಚ ಸುಮ್ಮನೆ ಹುಟ್ಟಿಸಿಕೊಂಡದ್ದಲ್ಲ. ಆ ಟೇಪು ಹೆನ್ರಿಕ್ ಎಂಬ ಜರ್ಮನ್ ಆಟಗಾರನದು.

ನಾನು ಇಲ್ಲಿನ ಒಂದು ಫುಟ್‌ಬಾಲ್ ಕ್ಲಬ್ಬಿನ ಆಫೀಸಿನಲ್ಲಿದ್ದೇನೆ. ಎಲ್ಲರ ಬಾಯಲ್ಲಿ ಸದಾ, ಕಾಗದದಲ್ಲಿ ಅಡ್ಮಿನ್ ಅಸಿಸ್ಟೆಂಟ್. ನಿಜದಲ್ಲಿ ವಿದೇಶಿ ಆಟಗಾರರನ್ನು ಏರ್‌ಪೋರ್ಟಿನಿಂದ ಕರೆತರುವುದು, ಮೆಡಿಕಲ್ ಪರೀಕ್ಷೆಗೆ ಕರೆದೊಯ್ಯುವುದು, ಮನೆ ತೋರಿಸುವುದು, ಅವರ ಇಂಗ್ಲಿಷನ್ನು ಅರಬ್ಬಿಗೂ ಇವರ ಅರಬ್ಬಿಯನ್ನು ಇಂಗ್ಲಿಷಿಗೂ ದಾಟಿಸುವುದು ನನ್ನ ಕೆಲಸ. ನನ್ನ ಅರಬ್ಬಿ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಸ್ಪೇರ್‌ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ಕಲಿತದ್ದು. ಗೇರ್‌ಬಾಕ್ಸ್, ಬೇರಿಂಗು, ಬ್ರೇಕ್ ಪ್ಯಾಡುಗಳ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ. ಮನುಷ್ಯರ ವಿಷಯ ಬಂದರೆ ಸ್ವಲ್ಪ ತಡವರಿಸುತ್ತೇನೆ.

ಹೆನ್ರಿಕ್ ಬಂದದ್ದು ಎರಡು ಸೀಸನ್ ಹಿಂದೆ. ಏರ್‌ಪೋರ್ಟಿನಲ್ಲಿ ಅವನ ಹೆಸರಿನ ಬೋರ್ಡು ಹಿಡಿದು ನಿಂತಾಗ ಸ್ಪೆಲ್ಲಿಂಗನ್ನು ನಾಲ್ಕು ಸಲ ನೋಡಿಕೊಂಡೆ. ಜರ್ಮನಿಯ ಮೊದಲ ದರ್ಜೆಯಲ್ಲಿ ಆಡಿದ ಮನುಷ್ಯ, ಯಾವ ಗತ್ತಿನಲ್ಲಿ ಬರುತ್ತಾನೋ ಎಂದು. ಬಂದವನು ಮೂವತ್ತನಾಲ್ಕು ವರ್ಷದ, ಕೂದಲು ಹಿಂದೆ ಸರಿಯುತ್ತಿದ್ದ, ತನ್ನ ಟ್ರಾಲಿಯನ್ನು ತಾನೇ ತಳ್ಳುತ್ತಿದ್ದ ಸಾಧು. ಕಾರಿನಲ್ಲಿ ಕೂತ ತಕ್ಷಣ ಸೀಟ್‌ಬೆಲ್ಟ್ ಹಾಕಿ, ನನ್ನದನ್ನೂ ತೋರಿಸಿದ. ಮನೆಗೆ ಬಂದು ಹೆಸರು ಹೇಳಿದರೆ ಶಶಿ, "ಹೆನ್ರಿಯಾ? ಹೆನ್ರಿ ಅಂದ್ರೆ ನಮ್ಮ ಬಂದರಿನ ಹತ್ರ ಬೇಕರಿ ಇಟ್ಟವ್ರಲ್ವಾ?" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅವನು ಹೆನ್ರಿ. ಅಬು ಹಲೀಫಾದ ನಮ್ಮ ಫ್ಲ್ಯಾಟಿಗೆ ತಿಂಗಳಿಗೆ ಎರಡು ಸಲವಾದರೂ ನೀರುದೋಸೆ, ಕೋಳಿಸಾರಿಗೆ ಬರುತ್ತಿದ್ದ. ದೋಸೆಯನ್ನು ಕರವಸ್ತ್ರದ ಹಾಗೆ ನಾಲ್ಕು ಮಡಿಕೆ ಮಾಡಿ, ಫೋರ್ಕಿನಲ್ಲಿ ತಿನ್ನುತ್ತಿದ್ದ.

ಅವನು ವಿಂಗರ್. ಮೈದಾನದ ಅಂಚಿನ ಗೆರೆಯ ಪಕ್ಕದಲ್ಲಿ ಓಡಿ, ಎದುರಾಳಿಯನ್ನು ದಾಟಿ, ಚೆಂಡನ್ನು ಗೋಲಿನ ಮುಂದಕ್ಕೆ ತಲುಪಿಸುವವನು. ಇದನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಾನೂ ಒಂದು ಕಾಲದ ವಿಂಗರ್. ನಮ್ಮದು ಮಂಗಳೂರಿನ ಬೆಂಗ್ರೆ, ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಮರಳು. ಅಲ್ಲಿ ಹುಟ್ಟಿದವನು ಫುಟ್‌ಬಾಲ್ ಆಡದಿದ್ದರೆ ಮನೆಯವರು ಡಾಕ್ಟರಿಗೆ ತೋರಿಸುತ್ತಾರೆ. ಚೆನ್ನಾಗಿ ಆಡುವವರು ಮಧ್ಯದಲ್ಲಿ, ಆಡಲು ಬಾರದವರು ಅಂಚಿನಲ್ಲಿ ಎಂಬುದು ನಮ್ಮ ನಿಯಮ. ನನ್ನನ್ನು ಎಡ ಅಂಚಿನಲ್ಲಿ ನಿಲ್ಲಿಸಿದ್ದರು. ಎಡಗಡೆ ಹೊಳೆ. ಹೊಳೆಗೆ ಬಿದ್ದ ಚೆಂಡನ್ನು ಈಜಿ ತರುವುದು ನನ್ನ ಮುಖ್ಯ ಜವಾಬ್ದಾರಿಯಾಗಿತ್ತು. ಚೆಂಡನ್ನು ಕಾಲಿನಿಂದ ಮುಟ್ಟಿದ್ದಕ್ಕಿಂತ ಎದೆಗೆ ಅವುಚಿಕೊಂಡು ಈಜಿದ್ದೇ ಹೆಚ್ಚು. ಇದನ್ನು ಹೇಳಿದಾಗ ಹೆನ್ರಿಕ್ ನಗಲಿಲ್ಲ. "ನಮ್ಮೂರಿನಲ್ಲೂ ಪಕ್ಕದಲ್ಲಿ ಕಾಲುವೆ ಇತ್ತು," ಎಂದ. "ನೀರು ಬಹಳ ತಣ್ಣಗಿರುತ್ತಿತ್ತು."

ಅವನ ವೃತ್ತಿಯ ಕಥೆಯೆಲ್ಲ ನನಗೆ ಗೊತ್ತಾದದ್ದು ಫಹಾಹೀಲ್ ಎಕ್ಸ್‌ಪ್ರೆಸ್ ರಸ್ತೆಯ ಟ್ರಾಫಿಕ್ಕಿನಲ್ಲಿ. ಹದಿನಾರು ವರ್ಷ, ಎಂಟು ಕ್ಲಬ್ಬು. ಮೊದಲ ದರ್ಜೆಯಲ್ಲಿ ಒಂದೇ ಒಂದು ಸೀಸನ್, ಅದರಲ್ಲಿ ಒಂದೇ ಒಂದು ಗೋಲು. ಆ ಗೋಲಿನ ಹದಿನಾಲ್ಕು ಸೆಕೆಂಡಿನ ವೀಡಿಯೊ ಅವನ ಫೋನಿನಲ್ಲಿತ್ತು, ಸಿಗ್ನಲ್ಲಿನಲ್ಲಿ ನಿಂತಾಗ ತೋರಿಸುತ್ತಿದ್ದ. ನಾನು ಎಷ್ಟು ಸಲ ನೋಡಿದ್ದೇನೆಂದರೆ ಗೋಲ್‌ಕೀಪರ್ ಯಾವ ಕಡೆ ಬೀಳುತ್ತಾನೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆಮೇಲೆ ಎರಡನೇ ದರ್ಜೆ, ಮೂರನೇ ದರ್ಜೆ, ಆಸ್ಟ್ರಿಯಾ, ಸೈಪ್ರಸ್, ಈಗ ಕುವೈತ್. ಅವನು ಇಳಿಯುತ್ತಾ ಬಂದದ್ದನ್ನು ಮುಚ್ಚಿಡುತ್ತಿರಲಿಲ್ಲ, ಲಿಫ್ಟಿನಲ್ಲಿ ಕೂತವನು ಮಹಡಿ ಹೇಳಿದಂತೆ ಹೇಳುತ್ತಿದ್ದ.

ಅವನಿಗೆ ಬೇಸರವಿದ್ದದ್ದು ಬೇರೆ ವಿಷಯಕ್ಕೆ. ಒಂದು ಕ್ಲಬ್ಬು ಪತ್ರ ಕಳಿಸಿ ಬಿಡಿಸಿತ್ತು. ಇನ್ನೊಂದರಲ್ಲಿ ರಜೆ ಮುಗಿಸಿ ಬಂದಾಗ ಡ್ರೆಸ್ಸಿಂಗ್ ರೂಮಿನ ತನ್ನ ಕಪಾಟಿನ ಮೇಲೆ ಬೇರೆಯವನ ಹೆಸರಿತ್ತು. ಸೈಪ್ರಸ್‌ನಲ್ಲಿ ಸೂಪರ್‌ಮಾರ್ಕೆಟ್ಟಿನಲ್ಲಿ ಈರುಳ್ಳಿ ಆರಿಸುತ್ತಿದ್ದಾಗ ಫೋನಿಗೆ ಮೆಸೇಜು ಬಂದಿತ್ತು. "ಏಳು ಸಲ ನನ್ನನ್ನು ನಿಲ್ಲಿಸಿದ್ದಾರೆ ಸದಾ," ಎಂದಿದ್ದ. "ಒಂದು ಸಲವಾದರೂ ನಾನೇ ಸಾಕು ಅನ್ನಬೇಕು. ಇನ್ನೊಂದು ವರ್ಷ ಆಡುತ್ತೇನೆ. ಕೊನೆಯ ಮ್ಯಾಚು ಯಾವುದು ಅಂತ ನಾನೇ ತೀರ್ಮಾನಿಸಿ, ಕೈ ಎತ್ತಿ, ನಡೆದುಕೊಂಡು ಹೊರಗೆ ಬರುತ್ತೇನೆ. ಅಷ್ಟೇ ಬೇಕು." ಆ ಇನ್ನೊಂದು ವರ್ಷ ಸಿಗುತ್ತದೋ ಇಲ್ಲವೋ ಎನ್ನುವುದು ಸೀಸನ್ನಿನ ಕೊನೆಯ ಆರು ಮ್ಯಾಚುಗಳಲ್ಲಿ ಅವನು ಹೇಗೆ ಆಡುತ್ತಾನೆಂಬುದರ ಮೇಲಿತ್ತು. ಅವನಿಗಿಂತ ಹೆಚ್ಚು ಅದನ್ನು ತಲೆಗೆ ಹಚ್ಚಿಕೊಂಡವನು ನಾನು. ಅವನು ಮೈದಾನದಲ್ಲಿ ಓಡಿದರೆ ಗ್ಯಾಲರಿಯಲ್ಲಿ ಕೂತ ನಾನು ಮುಂದಿನ ಕುರ್ಚಿಯನ್ನು ಒದೆಯುತ್ತಿದ್ದೆ.

ಮೂರನೆಯ ಮ್ಯಾಚಿನ ದಿನ ಅವನನ್ನು ಕರೆದುಕೊಂಡು ಹೋಗುತ್ತಿದ್ದೆ. ದಾರಿಯಲ್ಲಿ ಈ ಟೇಪು ತೆಗೆದು ಬಲತೊಡೆಗೆ ಸುತ್ತಿಕೊಳ್ಳತೊಡಗಿದ. ತೊಡೆಯ ಹಿಂಭಾಗ ಎರಡು ದಿನದಿಂದ ಎಳೆಯುತ್ತಿದೆ ಎಂದ. ಕ್ಲಬ್ಬಿನ ಫಿಸಿಯೊ ತಂಗಿಯ ಮದುವೆಗೆಂದು ಈಜಿಪ್ಟಿಗೆ ಹೋಗಿದ್ದರು. ಕೋಚಿಗೆ ಅರಬ್ಬಿ, ಫ್ರೆಂಚು ಬಿಟ್ಟರೆ ಬೇರೆ ಭಾಷೆ ಬಾರದು. "ಮುದೀರ್‌ಗೆ ಹೇಳು, ಕೋಚಿಗೆ ತಿಳಿಸಲಿ," ಎಂದ ಹೆನ್ರಿಕ್. ಮುದೀರ್ ಎಂದರೆ ನಮ್ಮ ಮ್ಯಾನೇಜರು. "ಮೊದಲರ್ಧ ಮಾತ್ರ ಆಡುತ್ತೇನೆ. ವಿರಾಮದಲ್ಲಿ ನನ್ನನ್ನು ಬದಲಾಯಿಸಬೇಕು. ಒಂದು ವಾರ ವಿಶ್ರಾಂತಿ ಸಿಕ್ಕಿದರೆ ಉಳಿದ ಮೂರು ಮ್ಯಾಚು ಪೂರ್ತಿ ಆಡಬಲ್ಲೆ." ಸುರುಳಿಯನ್ನು ಗೂಡಿನಲ್ಲಿಟ್ಟು ಬಾಗಿಲು ಮುಚ್ಚಿದ.

ಇಷ್ಟೇ ಮಾತು. ಒಯ್ದು ಒಪ್ಪಿಸಲು ಕಷ್ಟವೇನಿಲ್ಲ. ಆದರೆ ಇಲ್ಲಿ ನಾನು ವಿನ್ಸೆಂಟನ ಕಥೆ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ನಿಮಗೆ ಅರ್ಥವಾಗುವುದಿಲ್ಲ. ಅರ್ಥವಾದರೂ ಕ್ಷಮಿಸಬೇಕಾಗಿಲ್ಲ.

ವಿನ್ಸೆಂಟ್ ಮೂಡಬಿದಿರೆಯವನು, ಶುವೈಖಿನ ಅಂಗಡಿಯಲ್ಲಿ ನನ್ನ ಪಕ್ಕದ ಕೌಂಟರು. ಒಂದು ದಿನ ಬೆನ್ನು ನೋವು ತಡೆಯದೆ ಯಜಮಾನರಿಗೆ ಹೇಳಿಬಿಟ್ಟ. ಅವರು ಬೈಯಲಿಲ್ಲ, ಬಹಳ ಪ್ರೀತಿಯಿಂದ ಭುಜ ತಟ್ಟಿ, "ಊರಿಗೆ ಹೋಗು, ವಿಶ್ರಾಂತಿ ತಗೋ, ಮನೆಯವರ ಜೊತೆ ಇರು, ಆಮೇಲೆ ನಾವೇ ಕರೆಯುತ್ತೇವೆ," ಎಂದರು. ಟಿಕೇಟೂ ಕೊಟ್ಟರು. ವಿನ್ಸೆಂಟ್ ಖುಷಿಯಿಂದ ಕುಕ್ಕರನ್ನು ರೂಮಿನಲ್ಲೇ ಬಿಟ್ಟು, ಯಾರೂ ಮುಟ್ಟಬೇಡಿ ಎಂದು ಚೀಟಿ ಅಂಟಿಸಿ ಹೋದ. ಆರು ತಿಂಗಳಾದರೂ ಕರೆ ಬರಲಿಲ್ಲ. ಅಷ್ಟು ಕಾಲ ದೇಶದ ಹೊರಗಿದ್ದರೆ ವೀಸಾ ಸಾಯುತ್ತದೆ, ಅವನದೂ ಸತ್ತುಹೋಯಿತು. ಕುಕ್ಕರಿನ ಚೀಟಿ ಕಿತ್ತು ನಾವೇ ಹೊಸಬನಿಗೆ ಕೊಟ್ಟೆವು. ಗಲ್ಫಿಗೆ ಬಂದ ನಮ್ಮ ಜನರಲ್ಲಿ ಇಂಥ ಒಬ್ಬನನ್ನಾದರೂ ಕಾಣದವರಿಲ್ಲ. ಆಮೇಲೆ ನಾನು ಜ್ವರ ಬಂದರೆ ಮಾತ್ರೆ ನುಂಗಿ ಕೌಂಟರಿಗೆ ನಿಲ್ಲುತ್ತಿದ್ದೆ. ಯಾರು ಹೇಗಿದ್ದೀ ಎಂದು ಕೇಳಿದರೂ ಬಾಯಿಂದ ಬರುವುದು ಒಂದೇ, ಮಾಫಿ ಮುಷ್ಕಿಲ್, ತೊಂದರೆ ಏನಿಲ್ಲ. ಮೂತ್ರಕೋಶದಲ್ಲಿ ಕಲ್ಲು ಇಟ್ಟುಕೊಂಡೂ ಅದನ್ನೇ ಹೇಳಿದ್ದೇನೆ.

ಸ್ಟೇಡಿಯಮ್ಮಿನ ಓಣಿಯಲ್ಲಿ ಮುದೀರ್ ಎದುರಾದರು. "ಸದಾ, ಜರ್ಮನ್ ಹೇಗಿದ್ದಾನೆ? ಕಾಲು ಸರಿ ಇದೆಯಾ? ಮುಂದಿನ ವರ್ಷದ ಬಗ್ಗೆ ಇವತ್ತು ಮೇಲಿನವರು ನೋಡುತ್ತಾರೆ," ಎಂದರು. ನೋವು ಎಂದರೆ ಇವನನ್ನೂ ಕಳಿಸಿಬಿಡುತ್ತಾರೆ ಎಂದು ನನ್ನ ತಲೆಯಲ್ಲಿ ಗಂಟೆ ಹೊಡೆಯಿತು. "ಮಾಫಿ ಮುಷ್ಕಿಲ್," ಎಂದೆ. ಅವರು ನಕ್ಕು ಮುಂದೆ ಹೋದರು. ಓಣಿಯ ಆ ತುದಿಯಲ್ಲಿ ಬೂಟು ಕಟ್ಟುತ್ತಿದ್ದ ಹೆನ್ರಿಕ್ ತಲೆ ಎತ್ತಿ, ಹೇಳಿದೆಯಾ ಎಂಬಂತೆ ಹುಬ್ಬು ಹಾರಿಸಿದ. ನಾನು ಹೆಬ್ಬೆರಳು ಎತ್ತಿ ತೋರಿಸಿದೆ.

ಮೊದಲರ್ಧ ಅವನು ಆಡಿದ್ದು ಇಂದಿಗೂ ಕಣ್ಣ ಮುಂದಿದೆ. ಬಲ ಅಂಚಿನಲ್ಲಿ ಮೂರು ಸಲ ಎದುರಾಳಿಯನ್ನು ಹಿಂದೆ ಹಾಕಿದ. ಎಲ್ಲ ಶಕ್ತಿಯನ್ನೂ ನಲವತ್ತೈದು ನಿಮಿಷಕ್ಕೆ ಸುರಿಯುತ್ತಿದ್ದ, ಅಷ್ಟೇ ಆಡಬೇಕಾದದ್ದು ಎಂಬ ನಂಬಿಕೆಯಲ್ಲಿ. ಜನ ಎದ್ದು ಚಪ್ಪಾಳೆ ತಟ್ಟಿದರು. ವಿರಾಮದಲ್ಲಿ ಅವನು ನನ್ನನ್ನು ಹುಡುಕುತ್ತಾನೆ ಎಂದು ಗೊತ್ತಿತ್ತು. ಗೊತ್ತಿದ್ದೇ ನಾನು ಗ್ಯಾಲರಿಯ ಹಿಂದಿನ ಚಹಾದ ಕೌಂಟರಿಗೆ ಹೋಗಿ ನಿಂತೆ. ನನಗೆ ಶುಗರ್ ಉಂಟು, ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ. ಆದರೂ ಹದಿನೈದು ನಿಮಿಷ ಚಮಚ ಹಾಕಿ ಕಲಕುತ್ತಲೇ ಇದ್ದೆ. ಈಗಲೂ ಓಡಿಹೋಗಿ ಹೇಳಬಹುದಿತ್ತು. ಹೇಳಿದರೆ, ಆಗ ಯಾಕೆ ಹೇಳಲಿಲ್ಲ ಎಂದು ಮುದೀರ್ ಕೇಳುತ್ತಾರಲ್ಲ ಎಂಬ ಹೆದರಿಕೆ. ಐವತ್ತು ವರ್ಷದ ಗಂಡಸು ಒಂದು ಕಾಗದದ ಲೋಟದ ಹಿಂದೆ ಅಡಗಿ ನಿಂತಿದ್ದೆ.

ದ್ವಿತೀಯಾರ್ಧಕ್ಕೆ ಅವನೂ ಮೈದಾನಕ್ಕೆ ಇಳಿದ. ಬದಲಾಯಿಸದಿರಲು ಕೋಚು ತೀರ್ಮಾನಿಸಿದ್ದಾರೆ ಎಂದು ಅವನು ತಿಳಿದುಕೊಂಡಿರಬೇಕು, ವಾದ ಮಾಡುವ ಜಾತಿಯಲ್ಲ ಅವನದು. ಬೆಂಚಿನ ಕಡೆ ಒಮ್ಮೆ ನೋಡಿದ, ಗ್ಯಾಲರಿಯ ಕಡೆ ಒಮ್ಮೆ ನೋಡಿದ. ಜಾಗಕ್ಕೆ ಮರಳಿದ್ದ ನಾನು ಎದ್ದೆ, ಕೂತೆ, ಮತ್ತೆ ಎದ್ದೆ. ಚೆಂಡು ಅವನ ಮುಂದಕ್ಕೆ ಬಿತ್ತು. ಗೆರೆಯ ಪಕ್ಕದಲ್ಲಿ ಓಡಿದವನು ಐದಾರು ಹೆಜ್ಜೆಯಲ್ಲಿ ತೊಡೆಯ ಹಿಂಭಾಗ ಹಿಡಿದುಕೊಂಡು ಮುಗ್ಗರಿಸಿ ಬಿದ್ದ. ಕಿರುಚಲಿಲ್ಲ. ಹುಲ್ಲಿನ ಮೇಲೆ ಹಣೆ ಊರಿ ಹಾಗೇ ಇದ್ದ. ಸ್ಟ್ರೆಚರು ಬರುವಷ್ಟರಲ್ಲಿ ನಾನು ಕೆಳಗೆ ಇಳಿದಿದ್ದೆ, ಹತ್ತಿರ ಹೋಗುವ ಧೈರ್ಯ ಬರಲಿಲ್ಲ.

ಸ್ನಾಯು ಮೂಳೆಯಿಂದಲೇ ಕಿತ್ತುಬಂದಿದೆ ಎಂದರು ಡಾಕ್ಟರು. ಆಪರೇಷನ್ ಆಯಿತು. ಈ ವಯಸ್ಸಿನಲ್ಲಿ ಮೊದಲಿನ ಓಟ ಬರುವುದು ಕಷ್ಟ, ಆರು ತಿಂಗಳು ಕಾದು ನೋಡಬೇಕು ಎಂದರು. ನಾನು ಅಂದಿನಿಂದ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಶಶಿಗೆ ಎಲ್ಲ ಹೇಳಿದೆ. ಅವಳು ದೋಸೆಯ ಕಾವಲಿ ಕೆಳಗಿಳಿಸಿ ನನ್ನನ್ನೇ ನೋಡಿದಳು.

"ನೀವು ಹೇಳಿದ್ದು ಅವನ ಒಳ್ಳೇದಕ್ಕಾ, ನಿಮ್ಮ ಹೆದರಿಕೆಗಾ?"

"ಎರಡೂ ಇರಬೇಕು."

"ಹಾಗಾದ್ರೆ ಹೋಗಿ ಅವನ ಹತ್ರ ಹೇಳಿ. ನನ್ನ ಹತ್ರ ಹೇಳಿ ಎಂತ ಪ್ರಯೋಜನ? ತೊಡೆ ಹೋದದ್ದು ನಂದಲ್ಲ."

ಗಂಜಿಯ ಕ್ಯಾರಿಯರ್ ಹಿಡಿದು ಅವನ ಫ್ಲ್ಯಾಟಿಗೆ ಹೋದೆ. ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ. ಕ್ಯಾರಿಯರನ್ನು ಕೆಳಗೂ ಇಡದೆ, ನಿಂತೇ ಎಲ್ಲ ಹೇಳಿದೆ. ವಿನ್ಸೆಂಟನ ಕಥೆಯನ್ನೂ ಹೇಳಿದೆ, ಕುಕ್ಕರಿನ ಚೀಟಿಯವರೆಗೆ. ಅವನು ಪೂರ್ತಿ ಕೇಳಿದ. ಮುಖ ಬಿಳುಚಿಕೊಂಡಿತ್ತು.

"ಕಾಲು ನನ್ನದು ಸದಾ," ಎಂದ. "ಮಾತೂ ನನ್ನದು. ನೀನು ಬರೀ ಒಯ್ದು ಕೊಡಬೇಕಿತ್ತು."

"ಹೌದು."

"ನಿನ್ನ ಭಯವನ್ನು ನನ್ನ ಬಾಯಲ್ಲಿ ಇಟ್ಟೆ."

ನಾನು ಕ್ಯಾರಿಯರನ್ನು ಅವನ ಮುಂದಿನ ಮೇಜಿನ ಮೇಲಿಟ್ಟೆ. ಹೋಗು ಎಂದು ಬಾಗಿಲು ತೋರಿಸಿದ. ಗಂಜಿಯನ್ನೂ ತಿರುಗಿ ಕೊಟ್ಟ. ಲಿಫ್ಟಿನಲ್ಲಿ ಇಳಿಯುವಾಗ ಕಣ್ಣಲ್ಲಿ ನೀರು ಬಂತು, ಅದನ್ನು ಇಲ್ಲಿ ಬರೆಯಲು ನಾಚಿಕೆಯಿಲ್ಲ. ಮೂರು ವಾರ ಅವನು ನನ್ನ ಫೋನು ಎತ್ತಲಿಲ್ಲ. ನಾನು ಆ ಮೂರು ವಾರ ಇಕಾಮಾದ ತಾರೀಕನ್ನೂ ನೋಡಲಿಲ್ಲ. ಮಗಳು ಪಪ್ಪಾ ರಿಲ್ಯಾಕ್ಸ್ ಎನ್ನುವುದನ್ನೂ ಬಿಟ್ಟಿದ್ದಳು.

ಆಮೇಲೆ ಒಂದು ಸೋಮವಾರ ಬೆಳಿಗ್ಗೆ ಮುದೀರ್ ಅವನನ್ನು ಮಾತಿಗೆ ಕರೆದರು. ಕರೆದುಕೊಂಡು ಬರುವ ಕೆಲಸ ನನ್ನದೇ. ಊರುಗೋಲುಗಳನ್ನು ಹಿಂದಿನ ಸೀಟಿಗೆ ಹಾಕಿ ಅವನು ಮುಂದೆ ಕೂತ. ದಾರಿಯುದ್ದಕ್ಕೂ ಮಾತಿಲ್ಲ. ಕ್ಲಬ್ಬಿನ ಗೇಟಿನ ಹತ್ತಿರ ಬಾಯಿ ಬಿಟ್ಟ. "ಇವತ್ತು ನನ್ನ ಮಾತು ನನ್ನದು, ಅವರ ಮಾತು ಅವರದು. ನಿನ್ನದು ಏನೂ ಸೇರಬಾರದು." ಸೇರಿಸುವುದಿಲ್ಲ ಎಂದು ಮಾತು ಕೊಟ್ಟೆ.

ಮುದೀರ್ ಒಳ್ಳೆಯ ಮನುಷ್ಯರು. ಖರ್ಜೂರ, ಕಹ್ವಾ ಎನ್ನುವ ಅರಬ್ಬಿ ಕಾಫಿ ತರಿಸಿದರು. ಹೆನ್ರಿಕನ ಕಾಲು ಮೇಲಿಡಲು ತಮ್ಮ ಕುರ್ಚಿಯ ಮೆತ್ತೆಯನ್ನೇ ಕೊಟ್ಟರು. ನಂತರ ನಿಧಾನವಾಗಿ ಮಾತಾಡಿದರು. ನಾನು ಒಂದೊಂದೇ ವಾಕ್ಯ ಇಂಗ್ಲಿಷಿಗೆ ಹಾಕುತ್ತಾ ಹೋದೆ. "ನೀನು ನಮ್ಮ ತಮ್ಮನಿದ್ದ ಹಾಗೆ. ಊರಿಗೆ ಹೋಗು. ವಿಶ್ರಾಂತಿ ತಗೋ. ಮನೆಯವರ ಜೊತೆ ಇರು. ಕಾಲು ಸರಿಯಾದ ಮೇಲೆ ನಾವೇ ಕರೆಯುತ್ತೇವೆ."

ಹೆನ್ರಿಕನ ಮುಖ ಅರಳಿತು. ಎಷ್ಟೋ ವಾರದ ಮೇಲೆ ಅವನು ನಗುವುದನ್ನು ಕಂಡೆ. "ಆರು ತಿಂಗಳು ಸಾಕು," ಎಂದು ನನಗೆ ಹೇಳಿದ. "ಅಲ್ಲಿಯೇ ವ್ಯಾಯಾಮ ಮಾಡಿ ತಯಾರಾಗಿ ಬರುತ್ತೇನೆ. ಮನೆ ಸಾಮಾನು ಇಲ್ಲೇ ಬಿಡಲಾ, ನೀನು ನೋಡಿಕೊಳ್ಳುತ್ತೀಯಾ?"

ಅವನಿಗೆ ಕೊಟ್ಟ ಮಾತು ಉಳಿಸಿಕೊಂಡಿದ್ದೆ, ಒಂದಕ್ಷರ ಕೂಡಿಸಿರಲಿಲ್ಲ, ಕಳೆದಿರಲಿಲ್ಲ. ಸುಮ್ಮನಿದ್ದರೆ ನನ್ನ ತಪ್ಪು ಏನೂ ಇಲ್ಲ. ಅವನು ಜರ್ಮನಿಗೆ ಹೋಗಿ ಫೋನು ನೋಡುತ್ತಾ ಕೂರುತ್ತಾನೆ. ಸುಮ್ಮನಿರದಿದ್ದರೆ, ಎದುರಿಗೆ ಕೂತವರು ನನ್ನ ಮುದೀರ್. ಅವರಿಗೆ ಇಂಗ್ಲಿಷ್ ಎಷ್ಟು ಅರ್ಥವಾಗುತ್ತದೆಂದು ಹನ್ನೊಂದು ವರ್ಷದಲ್ಲಿ ನನಗೆ ಪತ್ತೆಯಾಗಿಲ್ಲ.

"ಹೆನ್ರಿಕ್," ಎಂದೆ. "ಇಷ್ಟು ಹೊತ್ತು ಹೇಳಿದ್ದು ಅವರ ಮಾತು, ಇದ್ದ ಹಾಗೇ. ಈಗ ನನ್ನದೊಂದು ಇದೆ. ಹೇಳಲಾ, ಬೇಡವಾ?"

ಅವನು ಖರ್ಜೂರದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಹೇಳು ಎಂದು ತಲೆಯಾಡಿಸಿದ.

"ಕರೆಯುವುದಿಲ್ಲ," ಎಂದೆ. "ವಿನ್ಸೆಂಟನಿಗೂ ಅವನ ಯಜಮಾನರು ಇದನ್ನೇ ಹೇಳಿದ್ದರು. ಇವರಿಗೆ ನಿನ್ನ ಮೇಲೆ ಪ್ರೀತಿ ಇದೆ, ಅದು ಸುಳ್ಳಲ್ಲ. ಆದರೆ ಕರೆಯುವುದಿಲ್ಲ. ಸಾಮಾನು ಬಿಡಬೇಡ."

ನಗು ಅವನ ಮುಖದಿಂದ ಇಳಿದುಹೋಯಿತು. ಕಹ್ವಾದ ಸಣ್ಣ ಲೋಟವನ್ನು ಬೆರಳಲ್ಲಿ ತಿರುಗಿಸುತ್ತಾ ಕೂತ. ಮುದೀರ್ ನನ್ನ ಕಡೆ ಹುಬ್ಬು ಗಂಟಿಕ್ಕಿ ನೋಡುತ್ತಿದ್ದರು. ಕೊನೆಗೆ ಹೆನ್ರಿಕ್ ಲೋಟ ಮೇಜಿನ ಮೇಲಿಟ್ಟು ಬೆನ್ನು ನೆಟ್ಟಗೆ ಮಾಡಿದ.

"ಹಾಗಿದ್ದರೆ ಅವರಿಗೆ ಹೇಳು. ನನ್ನನ್ನು ಯಾರೂ ಕರೆಯುವುದು ಬೇಡ. ನಾನು ಇವತ್ತು ಫುಟ್‌ಬಾಲ್ ನಿಲ್ಲಿಸಿದೆ. ಅವರು ನಿಲ್ಲಿಸಿದ್ದಲ್ಲ, ಕಾಲು ನಿಲ್ಲಿಸಿದ್ದೂ ಅಲ್ಲ. ನಾನು."

ಅರಬ್ಬಿಯಲ್ಲಿ ಹೇಳಿದೆ. ಅಂಗಡಿಯಲ್ಲಿ ಕಲಿತ ಭಾಷೆ, ಇಂಥ ಮಾತಿಗೆ ಅದು ಸಾಲುತ್ತಿರಲಿಲ್ಲ. ಹಾಗಾಗಿ ತಡವರಿಸುತ್ತಾ, ಎರಡೆರಡು ಸಲ ಹೇಳಿದೆ. ಕೊನೆಯ ಆ ಒಂದು ಪದವನ್ನೂ ಬಿಡಲಿಲ್ಲ.

"ಅವನೇ ಹೇಳಿದ್ದಾ?" ಎಂದರು ಮುದೀರ್.

"ಅವನೇ."

ಮುದೀರ್ ಎದ್ದರು. ಮೇಜು ಬಳಸಿ ಬಂದು, ಬಗ್ಗಿ, ಅವನನ್ನು ಎರಡೂ ಕೈಯಿಂದ ತಬ್ಬಿಕೊಂಡರು. ಅವರ ಭುಜದ ಮೇಲಿಂದ ಹೆನ್ರಿಕ್ ನನ್ನನ್ನು ನೋಡುತ್ತಿದ್ದ. ಕೆನ್ನೆ ಒದ್ದೆಯಾಗಿತ್ತು. ಆ ಸ್ಥಿತಿಯಲ್ಲೇ ಒಂದು ಕೈ ಬಿಡಿಸಿಕೊಂಡು ಮೇಲೆ ಎತ್ತಿದ, ಮೈದಾನದ ಅಂಚಿನಲ್ಲಿ ನಿಂತು ತನ್ನನ್ನು ಹೊರಗೆ ಕರೆಯಿರಿ ಎನ್ನುವ ಆಟಗಾರನ ಹಾಗೆ.